ಹೊಲದಲ್ಲಿ ಕೊಳೆಯುವ ಫಲವೂ ನಮ್ಮ ಆಹಾರದಾನವೂ

ದಶಲಕ್ಷಣ ಪರ್ವದ ಎಂಟನೆಯ ದಿನ, ಉತ್ತಮ ತ್ಯಾಗ ಧರ್ಮದಂದು, ನಮ್ಮ ಬಸದಿಗಳಲ್ಲಿ ಚತುರ್ವಿಧ ದಾನದ ವಿಷಯವಾಗಿ ಪ್ರವಚನ ನಡೆಯದ ವರ್ಷವಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕನ್ನೂ ಪಾಠಶಾಲೆಯ ಬಾಲಕರು ಕೂಡ ಒಪ್ಪಿಸಬಲ್ಲರು. ಆದರೆ ಇವುಗಳಲ್ಲಿ ಮೊದಲನೆಯದಾದ ಆಹಾರದಾನದ ಅರ್ಥವನ್ನು ನಾವು ಎಷ್ಟು ಕಿರಿದುಗೊಳಿಸಿದ್ದೇವೆಂದರೆ, ಮುನಿಸಂಘದ ವಿಹಾರ ಕಾಲದಲ್ಲಿ ಆಹಾರ ನೀಡುವುದು ಮತ್ತು ಪರ್ವದ ಕೊನೆಗೆ ಸಮಾಜಕ್ಕೆಲ್ಲ ಭೋಜನ ಏರ್ಪಡಿಸುವುದು, ಈ ಎರಡರ ಆಚೆಗೆ ಅದಕ್ಕೆ ಅರ್ಥವೇ ಉಳಿದಿಲ್ಲ. ಮೊದಲನೆಯದು ಪಾತ್ರದಾನ, ಅದರ ಶ್ರೇಷ್ಠತೆಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯದು ಹೊಟ್ಟೆ ತುಂಬಿದವರು ಹೊಟ್ಟೆ ತುಂಬಿದವರಿಗೆ ಬಡಿಸುವ ಸಂತೋಷಕೂಟ. ಅದನ್ನು ಸಾಧರ್ಮಿ ವಾತ್ಸಲ್ಯವೆಂದು ಕರೆದರೆ ಆಕ್ಷೇಪವಿಲ್ಲ. ಅದೇ ಖರ್ಚನ್ನು ಟ್ರಸ್ಟಿನ ಜಮಾಖರ್ಚಿನಲ್ಲಿ 'ಅನ್ನದಾನ' ಎಂಬ ಬಾಬಿಗೆ ಹಾಕುವುದು ಮಾತ್ರ ಲೆಕ್ಕಶಾಸ್ತ್ರಕ್ಕೂ ಒಪ್ಪದು, ಧರ್ಮಶಾಸ್ತ್ರಕ್ಕೂ ಒಪ್ಪದು. ನಾನು ವಾಣಿಜ್ಯ ಶಾಸ್ತ್ರ ಓದಿದವನು, ನಾಲ್ಕು ದಶಕ ಧಾನ್ಯದ ದಲಾಲಿ ಅಂಗಡಿಯಲ್ಲಿ ಕುಳಿತವನು. ಬಾಬು ತಪ್ಪಿದ ಲೆಕ್ಕ ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ಇಷ್ಟು ನಿಷ್ಠುರವಾಗಿ ಬರೆಯಲು ಕಾರಣವಿದೆ. ಕಳೆದ ವರ್ಷ ಒಂದು ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ನಾನೊಂದು ಸಲಹೆಯನ್ನು ಮುಂದಿಟ್ಟೆ. ಬೆಲೆ ಕುಸಿದಾಗ ರೈತರು ರಸ್ತೆಬದಿಗೆ ಸುರಿಯುವ ಟೊಮೆಟೊ, ಕೇಳುವವರಿಲ್ಲದೆ ಗೊನೆಯಲ್ಲೇ ಹಣ್ಣಾಗಿ ಹೋಗುವ ಬಾಳೆ, ಮಾರುಕಟ್ಟೆಯ ಮೂಲೆಯಲ್ಲಿ ಬಾಡುವ ಸೊಪ್ಪು, ಇವನ್ನು ಕೆಡುವ ಮೊದಲೇ ನ್ಯಾಯವಾದ ಬೆಲೆ ಕೊಟ್ಟು ಕೊಂಡು, ಶುದ್ಧವಾಗಿ ಒಣಗಿಸಿ, ಬೇಳೆ ಮತ್ತು ರಾಗಿಯೊಡನೆ ಕೂಡಿಸಿ ಪೌಷ್ಟಿಕ ಆಹಾರವನ್ನಾಗಿ ಮಾಡಿ, ಅಂಗನವಾಡಿಗಳಿಗೂ ಬಡ ವಿದ್ಯಾರ್ಥಿನಿಲಯಗಳಿಗೂ ಕ್ಷಯರೋಗಿಗಳ ಮನೆಗಳಿಗೂ ಮುಟ್ಟಿಸುವ ಒಂದು ಸಣ್ಣ ಘಟಕವನ್ನು ಟ್ರಸ್ಟು ನಡೆಸಲಿ ಎಂಬುದು ಆ ಸಲಹೆ. ಹತ್ತು ನಿಮಿಷದಲ್ಲಿ ಅದರ ವಿಚಾರ ಮುಗಿಯಿತು. ಒಬ್ಬ ಹಿರಿಯರು "ನಾವೇನು ತರಕಾರಿ ಮಾರುವವರೇ?" ಎಂದು ನಕ್ಕರು. ಇನ್ನೊಬ್ಬರು ವನಸ್ಪತಿಕಾಯ ಜೀವಗಳ ಹಿಂಸೆಯ ಪ್ರಶ್ನೆ ಎತ್ತಿದರು. ಮೂರನೆಯವರು ಬಡವರಿಗೆ ಉಣ್ಣಿಸಲು ಸರಕಾರವಿದೆಯಲ್ಲ ಎಂದರು. ಬಳಿಕ ಮಾನಸ್ತಂಭದ ದೀಪಾಲಂಕಾರದ ವಿಷಯ ಬಂದಿತು. ಅದಕ್ಕೆ ಒಂದೂವರೆ ಗಂಟೆ ಹಿಡಿಯಿತು.

ಈ ಮೂರು ಮಾತುಗಳನ್ನು ನಾನು ಬೇರೆ ಊರುಗಳಲ್ಲಿಯೂ ಕೇಳಿದ್ದೇನೆ. ಆದ್ದರಿಂದ ಸಭೆಯಲ್ಲಿ ದೊರೆಯದ ಅವಕಾಶವನ್ನು ಈ ಪತ್ರಿಕೆಯ ಪುಟಗಳಲ್ಲಿ ಕೇಳಿಕೊಳ್ಳುತ್ತಿದ್ದೇನೆ.

ಮೊದಲು ವಸ್ತುಸ್ಥಿತಿ. ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳ ಸಾಲಿನಲ್ಲಿ ಎಣಿಸಲ್ಪಡುವಂಥದು. ಅಲ್ಲಿ ಮಾಲು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. 2023ರ ಜುಲೈ ತಿಂಗಳಿನಲ್ಲಿ ಒಂದು ಬಾಕ್ಸಿನ ಬೆಲೆ 2,000 ರೂಪಾಯಿಯನ್ನು ದಾಟಿದ್ದು ಎಲ್ಲರಿಗೂ ನೆನಪಿದೆ. ಪತ್ರಿಕೆಗಳು ತಿಂಗಳಿಡೀ ಅದನ್ನೇ ಬರೆದವು. 2021ರ ಮೇ ತಿಂಗಳಿನಲ್ಲಿ ಲಾಕ್‌ಡೌನ್ ಕಾಲದಲ್ಲಿ ಅದೇ ಜಿಲ್ಲೆಯ ರೈತರು ಅದೇ ಹಣ್ಣನ್ನು ರಸ್ತೆಬದಿಗೆ ಸುರಿದದ್ದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಬೆಲೆ ಏರಿದಾಗ ನಮಗೆ ನೋವಾಗುತ್ತದೆ, ಏಕೆಂದರೆ ಕೊಳ್ಳುವವರು ನಾವು. ಇಳಿದಾಗ ನಮಗೆ ಸುದ್ದಿಯೇ ತಲುಪುವುದಿಲ್ಲ.

ವ್ಯಾಪಾರ ಬಲ್ಲವರಿಗೆ ಇದರ ಕಾರಣ ಗೂಢವೇನಲ್ಲ. ಒಂದು ಹಂಗಾಮಿನಲ್ಲಿ ಬೆಲೆ ಏರಿತೆಂದರೆ ಮುಂದಿನ ಹಂಗಾಮಿನಲ್ಲಿ ಎಲ್ಲರೂ ಅದನ್ನೇ ನಾಟಿ ಮಾಡುತ್ತಾರೆ. ಎರಡು, ಎರಡೂವರೆ ತಿಂಗಳಿಗೆ ಎಲ್ಲರ ಹೊಲದ ಹಣ್ಣೂ ಒಮ್ಮೆಗೇ ಪೇಟೆಗೆ ಬರುತ್ತದೆ. ಟೊಮೆಟೊ ಜೋಳ, ಕಡಲೆಗಳಂತೆ ಗೋದಾಮಿನಲ್ಲಿ ಕುಳಿತುಕೊಳ್ಳುವ ಮಾಲಲ್ಲ. ಅತಿ ಶೀತದಲ್ಲಿಟ್ಟರೆ ಅದರ ಮೈಯೇ ಕೆಡುತ್ತದೆ, ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತದೆ. ಸಾಸು ಮಾಡುವ ದೊಡ್ಡ ಕಾರ್ಖಾನೆಗಳಿಗೆ ಗಟ್ಟಿ ತಿರುಳಿನ ಬೇರೆ ಜಾತಿಯ ಹಣ್ಣು ಬೇಕು. ನಮ್ಮ ರೈತರು ಅಡುಗೆಮನೆಗಾಗಿ ಬೆಳೆಯುವ ರಸಭರಿತ ತಳಿಗಳು ಅವರಿಗೆ ಹೆಚ್ಚು ರುಚಿಸುವುದಿಲ್ಲ. ಕೊಯ್ಲಿನ ಕೂಲಿ, ಬಾಕ್ಸಿನ ಬಾಡಿಗೆ, ಲಾರಿ, ಹಮಾಲಿ, ಕಮಿಷನ್ ಇಷ್ಟನ್ನೂ ಕಳೆದ ಮೇಲೆ ಕೈಯಿಂದಲೇ ಹಣ ಕಟ್ಟಬೇಕಾದ ದಿನ ಬಂದಾಗ, ಹಣ್ಣನ್ನು ಗಿಡದಲ್ಲೇ ಬಿಡುವುದು ರೈತನಿಗೆ ಲಾಭ. ಹೀಗೆ ಬಿಟ್ಟ ಹೊಲಕ್ಕೆ ಕುರಿಮಂದೆ ಹೊಗುತ್ತದೆ, ಇಲ್ಲವೇ ಟ್ರಾಕ್ಟರು. ಕೇಂದ್ರ ಸರಕಾರ 2018-19ರ ಆಯವ್ಯಯದಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಳಿಗಾಗಿ 500 ಕೋಟಿ ರೂಪಾಯಿಯ 'ಆಪರೇಷನ್ ಗ್ರೀನ್ಸ್' ಯೋಜನೆಯನ್ನು ಪ್ರಕಟಿಸಿತು. ಅದಾದ ಮೂರು ವರ್ಷಕ್ಕೆ ಕೋಲಾರದ ರಸ್ತೆಬದಿ ಕೆಂಪಾಗಿತ್ತು.

ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಬೇಕು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿನಿಂದ ಐದು ವರ್ಷದ ಒಳಗಿನ ಮಕ್ಕಳಲ್ಲಿ 67.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದ ಅಂಕಿಗಳು ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಇವರೆಲ್ಲ ಉಪವಾಸವಿರುವ ಮಕ್ಕಳಲ್ಲ. ಹಲವರಿಗೆ ಅಕ್ಕಿ ಸಿಗುತ್ತದೆ. ಅಕ್ಕಿಯ ಜೊತೆಗಿರಬೇಕಾದ ಬೇಳೆ, ಸೊಪ್ಪು, ತರಕಾರಿ, ಹಣ್ಣು ಸಿಗುವುದಿಲ್ಲ. ಮಗುವಿನ ತಟ್ಟೆಯಲ್ಲಿ ಇಲ್ಲದಿರುವ ಪದಾರ್ಥವೇ ರಸ್ತೆಬದಿಯಲ್ಲಿ ಕೊಳೆಯುತ್ತಿರುತ್ತದೆ.

ಈಗ ಹಿಂಸೆಯ ಪ್ರಶ್ನೆಗೆ ಬರುತ್ತೇನೆ. ಮೂರು ಆಕ್ಷೇಪಗಳಲ್ಲಿ ಗೌರವದಿಂದ ಉತ್ತರಿಸಬೇಕಾದುದು ಇದೊಂದೇ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು ಗುಣವ್ರತವಿದೆ. ಪ್ರಯೋಜನವಿಲ್ಲದ ಪಾಪಕಾರ್ಯದಿಂದ ಹಿಂದೆ ಸರಿಯುವುದು ಎಂದು ಅದರ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಕಡೆಯದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಅವರು ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಾಳಿ ಬೀಸುವುದು, ಫಲವಿಲ್ಲದೆ ಗಿಡಬಳ್ಳಿ ಕಡಿಯುವುದು ಇವನ್ನೆಲ್ಲ ಸೇರಿಸುತ್ತಾರೆ. ಗೃಹಸ್ಥನಿಗೆ ಆರಂಭೀ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದು ಎಂಬುದನ್ನು ಆಚಾರ್ಯರು ಬಲ್ಲರು. ಅಡುಗೆ ಮಾಡದೆ, ನೆಲ ಉಳದೆ ಗೃಹಸ್ಥಾಶ್ರಮ ನಡೆಯದು. ಆದ್ದರಿಂದಲೇ ಅವರು 'ಫಲವಿಲ್ಲದೆ' ಎಂಬ ವಿಶೇಷಣದ ಮೇಲೆ ಒತ್ತು ಕೊಟ್ಟರು. ಆದ ಹಿಂಸೆ ಯಾರೊಬ್ಬರ ಹೊಟ್ಟೆಗೂ ಆಗಿಬರಲಿಲ್ಲ ಎಂದರೆ ಅದು ಅನರ್ಥ.

ಒಂದು ಬಾಕ್ಸ್ ಟೊಮೆಟೊ ಸುರಿದಾಗ ಅದರ ಜೊತೆಗೆ ಏನೇನು ಸುರಿದು ಹೋಯಿತು ಎಂಬುದನ್ನು ಈ ದೃಷ್ಟಿಯಿಂದ ಎಣಿಸಿ ನೋಡಬೇಕು. ಕೋಲಾರದಂಥ ಬರಡು ಸೀಮೆಯಲ್ಲಿ ಸಾವಿರ ಅಡಿಗೂ ಆಳದ ಕೊಳವೆಬಾವಿಗಳಿಂದ ಎತ್ತಿದ ನೀರು. ಅದರಲ್ಲಿನ ಅಪ್ಕಾಯ ಜೀವಗಳು. ಉಳುಮೆಯಲ್ಲಿ ಮಡಿದ ಪೃಥ್ವೀಕಾಯ ಮತ್ತು ತ್ರಸ ಜೀವಗಳು. ಹಂಗಾಮಿನಲ್ಲಿ ಮತ್ತೆ ಮತ್ತೆ ಹೊಡೆದ ಕೀಟನಾಶಕಕ್ಕೆ ಬಲಿಯಾದ ಎರಡು, ಮೂರು, ನಾಲ್ಕು ಇಂದ್ರಿಯಗಳ ಜೀವಗಳಿಗೆ ಲೆಕ್ಕವೇ ಇಲ್ಲ. ಕೊನೆಗೆ ಆ ಹಣ್ಣಿನ ರಾಶಿ ಕೊಳೆಯತೊಡಗಿದಾಗ ಅದರಲ್ಲಿ ಹುಟ್ಟಿ, ಬಿಸಿಲಿಗೂ ಚಕ್ರಗಳಿಗೂ ಸಿಕ್ಕಿ ಸಾಯುವ ಹುಳುಗಳು. ಇಷ್ಟೂ ಹಿಂಸೆ ನಡೆದುಹೋಗಿದೆ. ನಾವು ಘಟಕ ಕಟ್ಟಿದರೂ ನಡೆದಿದೆ, ಕಟ್ಟದಿದ್ದರೂ ನಡೆದಿದೆ. ಉಳಿದಿರುವುದು ಅದು ಅನರ್ಥವಾಗಬೇಕೇ, ಒಂದು ಮಗುವಿನ ಅನ್ನವಾಗಬೇಕೇ ಎಂಬ ಪ್ರಶ್ನೆ. ಹಣ್ಣನ್ನು ಕತ್ತರಿಸುವ ಹಿಂಸೆಗೆ ಹೆದರಿ ಕೈಕಟ್ಟಿ ಕುಳಿತು, ಅದು ಕೊಳೆತು ಸಹಸ್ರಾರು ತ್ರಸ ಜೀವಗಳಿಗೆ ಜನ್ಮಸ್ಥಾನವೂ ಮರಣಸ್ಥಾನವೂ ಆಗುವುದನ್ನು ನೋಡುತ್ತಿರುವುದನ್ನು ಅಹಿಂಸೆ ಎಂದು ಯಾವ ಆಚಾರ್ಯರು ಹೇಳಿದ್ದಾರೋ ನನಗೆ ತಿಳಿದವರು ತೋರಿಸಿಕೊಡಬೇಕು.

ಒಣಗಿಸುವ ಕ್ರಿಯೆಯ ಬಗ್ಗೆಯೂ ನಮ್ಮ ಆಚಾರ ಪರಂಪರೆ ಸ್ಪಷ್ಟವಾಗಿಯೇ ಇದೆ. ಒಣಗಿದ್ದು, ಬೆಂದದ್ದು, ಕಾಯಿಸಿದ್ದು, ಹುಳಿ ಉಪ್ಪು ಬೆರೆತದ್ದು, ಯಂತ್ರದಿಂದ ಛಿನ್ನವಾದದ್ದು, ಇಂಥ ವಸ್ತು ಪ್ರಾಸುಕವೆಂದು ಹೇಳಲಾಗಿದೆ. ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯಲ್ಲಿ ಸಂಧಾನ, ಅಂದರೆ ಬಹುದಿನ ಇಟ್ಟ ಉಪ್ಪಿನಕಾಯಿ, ಸೇರಿದೆ. ತೇವವಿರುವಲ್ಲಿ ಜೀವೋತ್ಪತ್ತಿ ಎಂಬುದು ಅದರ ಹಿಂದಿನ ವಿಚಾರ. ತೇವವನ್ನೇ ತೆಗೆದುಬಿಟ್ಟರೆ ಆ ದೋಷಕ್ಕೆ ಆಸ್ಪದ ಕಡಿಮೆ. ಇಂದಿನ ಆಹಾರ ವಿಜ್ಞಾನವೂ ಇದನ್ನೇ ಹೇಳುತ್ತದೆ: ನೀರಿನ ಅಂಶ ಇಳಿದಲ್ಲಿ ಬೂಷ್ಟು ಬೆಳೆಯದು. ನಮ್ಮ ಅಜ್ಜಿಯರು ಮಾಳಿಗೆಯ ಮೇಲೆ ಸಂಡಿಗೆ, ಬಾಳಕ ಒಣಹಾಕುತ್ತಿದ್ದಾಗ ಅವರ ಕೈಯಲ್ಲಿದ್ದದ್ದು ಇದೇ ಶಾಸ್ತ್ರ. ಒಂದು ವ್ಯತ್ಯಾಸ ಮಾತ್ರ ಮಾಡಬೇಕು. ತೆರೆದ ಮಾಳಿಗೆಯಲ್ಲಿ ನೊಣ, ಇರುವೆ ಬಂದು ಕೂರುತ್ತವೆ. ಸಣ್ಣ ಕಣ್ಣಿನ ಬಲೆಯಿಂದ ಮುಚ್ಚಿದ ಸೌರ ಒಣಗಿಸುವ ಪೆಟ್ಟಿಗೆಯಲ್ಲಿ ಒಂದು ಜೀವವೂ ಒಳಬಾರದು, ಧೂಳೂ ಬೀಳದು. ಸೋಸಿದ ನೀರಿನಲ್ಲಿ ತೊಳೆದು, ಹಗಲಿನಲ್ಲಿಯೇ ಹೆಚ್ಚಿ, ಸೂರ್ಯಾಸ್ತದೊಳಗೆ ಕೆಲಸ ನಿಲ್ಲಿಸುವ ನಿಯಮವನ್ನು ಬೇರೆ ಯಾವ ಆಹಾರ ಘಟಕವೂ ಪಾಲಿಸದು, ನಾವು ಪಾಲಿಸಬಹುದು.

ಟೊಮೆಟೊ ಬಹುಬೀಜ ಎಂದು ಒಬ್ಬರು ಕಿವಿಯಲ್ಲಿ ಹೇಳಿದರು. ಅದನ್ನು ತ್ಯಜಿಸುವ ನಿಯಮ ತೆಗೆದುಕೊಂಡವರು ಉಣ್ಣದಿರಲಿ. ಅವರ ನಿಯಮಕ್ಕೆ ನನ್ನ ನಮಸ್ಕಾರ. ನಮ್ಮ ತಟ್ಟೆಯ ನಿಯಮ ನಮ್ಮ ಸಂಯಮಕ್ಕಾಗಿ. ಹಸಿದವನ ತಟ್ಟೆಯನ್ನು ಬರಿದಾಗಿಡಲು ಅದು ನೆಪವಾಗಬಾರದು. ಇನ್ನು ಈರುಳ್ಳಿ, ಆಲೂಗಡ್ಡೆ, ಗಜ್ಜರಿಗಳ ಮಾತು. ಅವೂ ಬೆಲೆಯಿಲ್ಲದೆ ಹಾಳಾಗುತ್ತವೆ, ಬಲ್ಲೆ. ಕಂದಮೂಲಗಳನ್ನು ನಮ್ಮ ಬಸದಿಯ ಹೆಸರಿನಲ್ಲಿ ಮುಟ್ಟುವ ಅಗತ್ಯವಿಲ್ಲ. ಅದನ್ನು ಮಾಡಲು ಬೇರೆಯವರಿದ್ದಾರೆ. ನಮಗೆ ನುಗ್ಗೆಸೊಪ್ಪು, ದಂಟು, ಕುಂಬಳ, ಬಾಳೆಕಾಯಿ, ಹಲಸು ಬೇಕಾದಷ್ಟಿವೆ.

"ನಾವೇನು ತರಕಾರಿ ಮಾರುವವರೇ?" ಎಂಬ ಮಾತಿಗೆ ಅತ್ತಿಮಬ್ಬೆಯ ಕಥೆಯೇ ಉತ್ತರ. ದಾನಚಿಂತಾಮಣಿ ಎಂದು ಅವಳ ಹೆಸರನ್ನು ಸಭಾಭವನಗಳಿಗೆ ಇಡುತ್ತೇವೆ, ಮಹಿಳಾ ಮಂಡಳಿಗಳಿಗೆ ಇಡುತ್ತೇವೆ. ಅವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಎಂಬುದು ನಮಗೆಲ್ಲ ಗೊತ್ತು. ಮುದ್ರಣಯಂತ್ರವಿಲ್ಲದ ಆ ಹತ್ತನೆಯ ಶತಮಾನದಲ್ಲಿ ಸಾವಿರ ಪ್ರತಿ ಎಂದರೇನು ಎಂದು ವ್ಯಾಪಾರಿಯ ಬುದ್ಧಿಯಿಂದ ಒಮ್ಮೆ ಯೋಚಿಸಬೇಕು. ತಾಳೆಗರಿಯನ್ನು ರಾಶಿಗಟ್ಟಲೆ ತರಿಸಬೇಕು, ಹದ ಮಾಡಿಸಬೇಕು, ಲಿಪಿಕಾರರನ್ನು ಹುಡುಕಿ ಕೂಡಿಸಬೇಕು, ಅವರಿಗೆ ಊಟ ವಸತಿ ನೋಡಬೇಕು, ಬರೆದದ್ದನ್ನು ಮೂಲದೊಡನೆ ತಾಳೆ ನೋಡಿಸಬೇಕು, ಕಟ್ಟು ಕಟ್ಟಿಸಿ ದೂರದ ಬಸದಿಗಳಿಗೆ ಸಾಗಿಸಬೇಕು. ಆಕೆ ಒಂದು ಕಾರ್ಖಾನೆಯನ್ನೇ ನಡೆಸಿದಳು ಎಂದರೂ ಸಲ್ಲುತ್ತದೆ. "ನಾನೇನು ಓಲೆ ಮಾರುವವಳೇ?" ಎಂದು ಅವಳು ಕೇಳಿದ್ದರೆ ಶಾಸ್ತ್ರದಾನ ಎಲ್ಲಿ ಉಳಿಯುತ್ತಿತ್ತು? ಚೆಕ್ಕಿಗೆ ಸಹಿ ಹಾಕಿ ಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳುವುದಷ್ಟೇ ದಾನವೆಂಬ ತಿಳಿವಳಿಕೆ ತೀರ ಇತ್ತೀಚಿನದು.

ಮತ್ತೆ, ಮಾರುವುದಕ್ಕೆ ನಮಗೆ ನಾಚಿಕೆ ಎಲ್ಲಿಂದ ಬಂದಿತು? ನಮ್ಮ ಸಮಾಜದ ಅರ್ಧ ಭಾಗ ತಲೆತಲಾಂತರದಿಂದ ಅಂಗಡಿಯಲ್ಲಿ ಕುಳಿತಿದೆ. ಮಾಲಿನ ಗುಣ ನೋಡುವುದು, ದರ ಕಟ್ಟುವುದು, ತೂಕ, ಸಾಗಣೆ, ದಾಸ್ತಾನು, ಲೆಕ್ಕ, ಇವು ನಮಗೆ ರಕ್ತದಲ್ಲಿಯೇ ಬಂದ ವಿದ್ಯೆಗಳು. ಹೆಚ್ಚುವರಿ ಬೆಳೆಯನ್ನು ಕೆಡದ ಆಹಾರವನ್ನಾಗಿ ಮಾಡುವ ಕೆಲಸಕ್ಕೆ ಬೇಕಾದ ವಿದ್ಯೆಗಳೂ ಇವೇ. ಉತ್ತರ ಕರ್ನಾಟಕದಲ್ಲಿ ನೇಗಿಲು ಹಿಡಿದ ಜೈನ ಕುಟುಂಬಗಳಿಗೇನೂ ಕಡಿಮೆಯಿಲ್ಲ. ಬೆಲೆಯಿಲ್ಲದ ಬೆಳೆಯ ದುಃಖವನ್ನು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹೇಗೂ ಚೆಲ್ಲುವ ಮಾಲು, ಪುಕ್ಕಟೆ ತಂದರಾಯಿತು ಎಂಬ ಮಾತು ಕೂಡಲೇ ಬರುತ್ತದೆ. ಆ ಸಭೆಯಲ್ಲಿಯೂ ನನ್ನ ಪರವಾಗಿ ಮಾತನಾಡಿದ ಒಬ್ಬ ಯುವಕರು ಇದನ್ನೇ ಹೇಳಿದರು. ನಾನು ಇದನ್ನು ಒಪ್ಪುವುದಿಲ್ಲ. ರೈತನ ದಿವಾಳಿಯನ್ನು ಬಳಸಿಕೊಂಡು ಪುಣ್ಯ ಸಂಪಾದಿಸುವುದು ಅಸ್ತೇಯ ವ್ರತಕ್ಕೆ ಅತಿ ಸಮೀಪದ ಅತಿಚಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯದ ಅತಿಚಾರಗಳನ್ನು ಹೇಳುವಾಗ ತೂಕ ಅಳತೆಯ ಮೋಸವನ್ನೂ ಕಲಬೆರಕೆಯನ್ನೂ ಹೆಸರಿಸಿ ಹೇಳುತ್ತದೆ. ವ್ಯಾಪಾರಿಯ ಕೈ ಎಲ್ಲಿ ಜಾರುತ್ತದೆ ಎಂಬುದನ್ನು ಸೂತ್ರಕಾರರು ಬಲ್ಲರು. ಕೊಯ್ಲು ಮತ್ತು ಸಾಗಣೆಯ ಖರ್ಚು ಕಳೆದು ರೈತನ ಕೈಯಲ್ಲಿ ನಾಲ್ಕು ಕಾಸು ಉಳಿಯುವ ಬೆಲೆಯನ್ನು ಟ್ರಸ್ಟು ಕೊಡಬೇಕು. ಪೇಟೆಯ ದರ ಅದಕ್ಕಿಂತ ಕೆಳಗಿದ್ದರೂ ಕೊಡಬೇಕು. ಹಾಗೆ ಕೊಟ್ಟಾಗ ದಾನ ಎರಡು ಕಡೆ ಸಲ್ಲುತ್ತದೆ.

ಮಾಡುವ ವಿಧಾನ ತಿಳಿಯದು ಎನ್ನುವಂತಿಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ನಮ್ಮ ನಾಡಿನಲ್ಲೇ ಇದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾದ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು ಸೇರಿಸಿ, ಜೀವಸತ್ವಗಳನ್ನು ಕೂಡಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಎಂಬ ಪೌಷ್ಟಿಕ ಆಹಾರವನ್ನು ಆ ಸಂಸ್ಥೆ ರೂಪಿಸಿತು. ದನಗಳ ಮೇವಿಗೆ ಹೋಗುತ್ತಿದ್ದ ಹಿಂಡಿಯಿಂದ ಮಕ್ಕಳ ಆಹಾರ! ಗೊಮ್ಮಟಗಿರಿಗೆ ಹೋಗುವ ದಾರಿಯಲ್ಲಿ ಅದರ ಬಾಗಿಲ ಮುಂದೆ ಹಾದುಹೋಗುವ ನಮ್ಮ ಟ್ರಸ್ಟಿಗಳಲ್ಲಿ ಎಷ್ಟು ಮಂದಿ ಒಳಗೆ ಹೋಗಿ ವಿಚಾರಿಸಿದ್ದಾರೆ?

ಇನ್ನೂ ಸಮೀಪದ ಉದಾಹರಣೆ ಬೇಕಾದರೆ 2021ನೆಯ ಇಸವಿಯನ್ನೇ ನೆನೆಯಬಹುದು. ಬಾಳೆಯ ಬೆಲೆ ಬಿದ್ದಾಗ ಉತ್ತರ ಕನ್ನಡ, ದಕ್ಷಿಣ ಕನ್ನಡ ಮೊದಲಾದ ಕಡೆ ಗೃಹಿಣಿಯರು ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹಿಟ್ಟು ಮಾಡಿದರು. 'ಅಡಿಕೆ ಪತ್ರಿಕೆ' ಅದನ್ನು ಊರೂರಿಗೆ ಹಬ್ಬಿಸಿತು; 'ಬಾಕಾಹು' ಎಂಬ ಚಿಕ್ಕ ಹೆಸರಿನಿಂದ ಅದು ಮನೆಮಾತಾಯಿತು. ಅದಕ್ಕೆ ಕಾರ್ಖಾನೆ ಬೇಕಾಗಲಿಲ್ಲ. ಚಾಕು, ಬಿಸಿಲು ಮತ್ತು ಹಿಟ್ಟಿನ ಗಿರಣಿ ಸಾಕಾದವು. ದೂರದ ಕೆನಡಾದ ಒಕನಾಗನ್ ಕಣಿವೆಯಲ್ಲಿ ಕ್ರೈಸ್ತ ಸ್ವಯಂಸೇವಕರ ಸಂಘವೊಂದು ಪೇಟೆಗೆ ಸಲ್ಲದ ತರಕಾರಿಗಳನ್ನು ರೈತರಿಂದ ಪಡೆದು, ಹೆಚ್ಚಿ, ಒಣಗಿಸಿ, ಸೂಪಿನ ಮಿಶ್ರಣ ಮಾಡಿ ಬಡ ದೇಶಗಳಿಗೆ ಕಳುಹಿಸುತ್ತದೆ. ನಿವೃತ್ತರಾದ ಹಿರಿಯರು ಬೆಳಿಗ್ಗೆ ಬಂದು ಮೇಜಿನ ಸುತ್ತ ನಿಂತು ತರಕಾರಿ ಹೆಚ್ಚುತ್ತಾರೆ. ಆ ಸಂಘ ತನ್ನ ಹೆಸರಿನಲ್ಲಿ ಇಟ್ಟುಕೊಂಡಿರುವ ಪದಕ್ಕೆ ಕನ್ನಡದಲ್ಲಿ ಹಕ್ಕಲಾಯುವವರು ಎಂದು ಅರ್ಥ. ಹಕ್ಕಲು ಎಂಬ ಮಾತು ನಮ್ಮ ಹೊಲಗಳದೇ. ಕೊಯ್ಲಾದ ಮೇಲೆ ಬಿದ್ದ ತೆನೆಯನ್ನು ಬಡವರು ಆಯ್ದುಕೊಳ್ಳಲು ಬಿಡುವುದು ನಮ್ಮ ಒಕ್ಕಲುತನದ ಮರ್ಯಾದೆಯಾಗಿತ್ತು. ಮಾತು ನಮ್ಮಲ್ಲಿ ಉಳಿದಿದೆ, ಕೆಲಸ ಅವರಲ್ಲಿ ನಡೆಯುತ್ತಿದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಟ್ರಸ್ಟಿಗಳು ಲೆಕ್ಕಕ್ಕೆ ಕಿವಿಗೊಡುತ್ತಾರೆ. ಟೊಮೆಟೊದಲ್ಲಿ ನೂರಕ್ಕೆ 94 ಪಾಲಿಗೂ ಹೆಚ್ಚು ನೀರೇ. ಆದ್ದರಿಂದ 100 ಕೆ.ಜಿ. ಹಣ್ಣು ಒಣಗಿದರೆ ಸುಮಾರು ಐದಾರು ಕೆ.ಜಿ. ದೊರೆಯುತ್ತದೆ. ಬಿದ್ದ ಬೆಲೆಯ ಕಾಲದಲ್ಲಿ ಕೆ.ಜಿ.ಗೆ 6 ರೂಪಾಯಿಯಂತೆ ಕೊಂಡೆವು ಎಂದಿಟ್ಟುಕೊಳ್ಳಿ: 600 ರೂಪಾಯಿ. ತೊಳೆಯುವ, ಹೆಚ್ಚುವ ಕೂಲಿ, ಬಿಸಿಲಿಲ್ಲದ ದಿನದ ವಿದ್ಯುತ್ತು, ಗಾಳಿಯಾಡದ ಚೀಲ, ಸಾಗಣೆ ಇವಕ್ಕೆಲ್ಲ ಮಾಲಿನ ಬೆಲೆಯ ಐದು ಪಟ್ಟು ಹಿಡಿಯೋಣ: 3,000. ಒಟ್ಟು 3,600 ರೂಪಾಯಿ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಎಂದು ಸರಕಾರವೇ ನಿಗದಿ ಮಾಡಿದೆ. ಆ ಪ್ರಕಾರ 100 ಕೆ.ಜಿ. ಎಂದರೆ 2,000 ಮಕ್ಕಳ ಒಂದು ದಿನದ ಪಾಲು. ತಲೆಗೆ 1 ರೂಪಾಯಿ 80 ಪೈಸೆ. ಒಣಗಿಸಿದ್ದು ಹಸಿಯದಕ್ಕೆ ಪೂರ್ಣ ಸಮವಲ್ಲ; 'ಸಿ' ಜೀವಸತ್ವದ ಬಹುಪಾಲು ಬಿಸಿಲಿಗೆ ಹೋಗುತ್ತದೆ. ಖನಿಜಗಳೂ ನಾರೂ ಉಳಿಯುತ್ತವೆ. ಸೊಪ್ಪನ್ನು ನೇರ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿದರೆ 'ಎ' ಜೀವಸತ್ವಕ್ಕೆ ಮೂಲವಾದ ಅಂಶವೂ ಹೆಚ್ಚು ಉಳಿಯುತ್ತದೆ. ತೊಗರಿ ಅಥವಾ ಹೆಸರುಬೇಳೆ, ನುಗ್ಗೆಸೊಪ್ಪಿನ ಪುಡಿ, ಒಣ ಟೊಮೆಟೊ, ಜೀರಿಗೆ, ಉಪ್ಪು ಕೂಡಿಸಿದ ಮಿಶ್ರಣವನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅನ್ನದ ಜೊತೆ ಕಲಸಿ ಉಣ್ಣುವ ಸಾರು ಸಿದ್ಧ. ಈ ಲೆಕ್ಕದಲ್ಲಿ ನಾನು ಎಲ್ಲಿಯಾದರೂ ಕಡಿಮೆ ಹಿಡಿದಿದ್ದೇನೆ ಎನಿಸಿದರೆ ಇಮ್ಮಡಿಸಿ ನೋಡಿ. ಪಂಚಕಲ್ಯಾಣದ ಭೋಜನದಲ್ಲಿ ಒಂದು ತಟ್ಟೆಗೆ ನಾವು ಬಡಿಸುವ ಸಿಹಿಯ ಬೆಲೆಯನ್ನು ಅದು ಆಗಲೂ ಮುಟ್ಟುವುದಿಲ್ಲ.

ಹಣ ಎಲ್ಲಿಂದ ಎಂದು ಕೇಳುವವರಿಗೆ ಹೇಳುವುದಿಷ್ಟೆ. ಧರ್ಮಾರ್ಥ ಟ್ರಸ್ಟುಗಳು ತಮ್ಮ ಆದಾಯದಲ್ಲಿ ನೂರಕ್ಕೆ 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ವಿನಿಯೋಗಿಸಬೇಕೆಂದು ಆದಾಯ ತೆರಿಗೆಯ ಕಾನೂನು ಹೇಳುತ್ತದೆ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಈ ಪ್ರಮಾಣ ಮುಟ್ಟಿಸಲು ನಮ್ಮ ಕೆಲವು ಟ್ರಸ್ಟುಗಳು ಪಡುವ ಪಾಡನ್ನು ಅವುಗಳ ಲೆಕ್ಕಪರಿಶೋಧಕರನ್ನು ಕೇಳಿದರೆ ತಿಳಿಯುತ್ತದೆ. ಆಗ ನೆಲಕ್ಕೆ ಹಾಕಿದ ಗ್ರಾನೈಟನ್ನು ಕಿತ್ತು ಮಾರ್ಬಲ್ ಹಾಕಲಾಗುತ್ತದೆ.

ಸರಕಾರವಿದೆಯಲ್ಲ ಎಂಬ ಮಾತಿಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಸರಕಾರವೇ ದಾನಿಗಳನ್ನು ಕರೆಯುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ಕ್ಷಯಮುಕ್ತ ಭಾರತ ಅಭಿಯಾನದಲ್ಲಿ ಸಂಘಸಂಸ್ಥೆಗಳು 'ನಿಕ್ಷಯ ಮಿತ್ರ'ರಾಗಿ ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ರೋಗಿಗಳಿಗೆ ಆಹಾರದ ಬುಟ್ಟಿಯನ್ನು ಕೊಡಬಹುದು. ಹೆಚ್ಚುವರಿ ಆಹಾರದ ಸಂಗ್ರಹಣೆ ಹಂಚಿಕೆಗಳ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿಯೇ ನಿಯಮಾವಳಿ ಹೊರಡಿಸಿದೆ. ದಾರಿಗಳು ತೆರೆದಿವೆ, ನಡೆಯುವ ಮನಸ್ಸು ಬೇಕು.

ಕೊನೆಗೆ ಪಾತ್ರದ ವಿಚಾರ. ಬಡವರೆಲ್ಲ ದಾನಕ್ಕೆ ಪಾತ್ರರೇ ಎಂದು ಶಾಸ್ತ್ರದ ಮಾತೆತ್ತುವವರೂ ಉಂಟು. ಪಾತ್ರದಾನ ಬೇರೆ, ಕರುಣಾದಾನ ಬೇರೆ. ದುಃಖಿತ ಜೀವಕ್ಕೆ ಅನುಕಂಪದಿಂದ ಕೊಡುವಾಗ ಅವನ ವ್ರತ, ಕುಲ, ಧರ್ಮಗಳನ್ನು ವಿಚಾರಿಸುವ ಕ್ರಮ ನಮ್ಮಲ್ಲಿಲ್ಲ. ಧರ್ಮಸ್ಥಳದ ಅನ್ನಪೂರ್ಣ ಭೋಜನಶಾಲೆಯ ಸಾಲಿನಲ್ಲಿ ಕುಳಿತವರನ್ನು ನೀನು ಯಾರು ಎಂದು ಕೇಳುವುದಿಲ್ಲ; ಅದನ್ನು ನಡೆಸುತ್ತ ಬಂದದ್ದು ಜೈನ ಮನೆತನವೇ. ದಾನದ ಫಲ ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ಬೇರೆಯಾಗುತ್ತದೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ನಾವು ಪಾತ್ರದ ಬಗ್ಗೆ ತೋರುವ ಕಟ್ಟುನಿಟ್ಟನ್ನು ದ್ರವ್ಯದ ಬಗ್ಗೆ ತೋರುವುದಿಲ್ಲ. ಮದುವೆಯ ಮರುದಿನ ಹಳಸಿದ ಅನ್ನವನ್ನು ಅನಾಥಾಲಯದ ಬಾಗಿಲಿಗೆ ಕಳುಹಿಸಿ ಆಹಾರದಾನವಾಯಿತೆಂದು ಸಮಾಧಾನಪಟ್ಟುಕೊಳ್ಳುವವರನ್ನು ಕಂಡಿದ್ದೇನೆ. ಮುನಿಗಳ ಕೈಯಲ್ಲಿ ಇಡಲಾಗದ್ದನ್ನು ಮಗುವಿನ ಕೈಯಲ್ಲಿ ಇಡಬಹುದು ಎಂಬ ನಿಯಮ ಎಲ್ಲಿಯೂ ಇಲ್ಲ. ನಮ್ಮ ಘಟಕದಲ್ಲಿ ತಯಾರಾಗುವುದನ್ನು ನಾವು ನಮ್ಮ ಮನೆಗಳಲ್ಲಿಯೂ ಉಣ್ಣುವಂತಿರಬೇಕು. ಒಡೆದ, ಬೂಷ್ಟು ಹಿಡಿದ ಹಣ್ಣು ಗೊಬ್ಬರಕ್ಕೆ ಹೋಗಲಿ.

ಒಂದೊಂದು ಟ್ರಸ್ಟು ಒಂಟಿಯಾಗಿ ಇದನ್ನು ಮಾಡಬೇಕಾಗಿಲ್ಲ. ಒಂದು ಜಿಲ್ಲೆಯ ಮೂರುನಾಲ್ಕು ಟ್ರಸ್ಟುಗಳು ಸೇರಿ ಮಾರುಕಟ್ಟೆಗೆ ಸಮೀಪದಲ್ಲಿ ಒಂದು ಶೆಡ್ಡು ಹಾಕಲಿ. ಕೂಲಿಗೆ ಆ ಊರಿನ ಹೆಣ್ಣುಮಕ್ಕಳನ್ನೇ ನೇಮಿಸಲಿ. ಜಮಾಖರ್ಚಿನಲ್ಲಿ ಸಮಾಜಭೋಜನಕ್ಕೆ ಒಂದು ಬಾಬು, ಆಹಾರದಾನಕ್ಕೆ ಇನ್ನೊಂದು ಬಾಬು ಎಂದು ಬೇರ್ಪಡಿಸಿ, ಎರಡರ ಮೊತ್ತವನ್ನೂ ಬಸದಿಯ ಫಲಕದಲ್ಲಿ ಪ್ರತಿ ವರ್ಷ ಬರೆದು ಹಾಕಲಿ. ಹೆಸರುಗಳು ಬೇಡ, ಮೊತ್ತ ಸಾಕು. ಬೆಂಗಳೂರಿನ ಟ್ರಸ್ಟುಗಳಿಗೆ ಕೋಲಾರದ ಮಾರುಕಟ್ಟೆ ಸುಮಾರು 70 ಕಿಲೋಮೀಟರ್ ದೂರ. ಒಣಗಿಸಲು ಒಳ್ಳೆಯ ಬಿಸಿಲು ಫೆಬ್ರವರಿಯಿಂದ ಸಿಗುತ್ತದೆ, ಅದಕ್ಕೆ ಮೊದಲೇ ಶೆಡ್ಡು ನಿಲ್ಲಬೇಕು. ಅಂದರೆ ನಿರ್ಣಯ ಈ ಸಲದ ವಾರ್ಷಿಕ ಸಭೆಯಲ್ಲಿಯೇ ಆಗಬೇಕು. ಒಂದು ವರ್ಷದ ಅಂದಾಜು ಪತ್ರಿಕೆಯ ಕರಡನ್ನು ನಾನು ಸಿದ್ಧಪಡಿಸಿ ಇಟ್ಟಿದ್ದೇನೆ. ಬೇಕಾದ ಟ್ರಸ್ಟಿಗಳು ಸಂಪಾದಕರ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ಕಳುಹಿಸಿಕೊಡುತ್ತೇನೆ.